ಬೇಸಿಗೆಯಿಡೀ ನಿಂತ ಬೋಟ್ ಎಂಜಿನ್ ಬಿಸಿಯಾಗುತ್ತಿದೆಯೇ? ಮೊದಲು ನೀರು ಎಲ್ಲಿ ನಿಂತಿದೆ ಹುಡುಕಿ

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ಹೊಸ ನೀರು ಬರಲು ಶುರುವಾಯಿತು ಅಂದರೆ ನನಗೂ ಫೋನ್ ಬರಲು ಶುರುವಾಗುತ್ತವೆ. ಮಾತು ಮಾತ್ರ ಪ್ರತಿ ವರ್ಷ ಅದೇ. "ಉಸ್ತಾದ್, ಎಂಜಿನ್ ಚಾಲೂ ಆಯ್ತ್ರಿ, ಐದು ಮಿನಿಟ್ ಚೊಲೋ ನಡೀತು. ಈಗ ಪೀಂ ಪೀಂ ಅಂತ ಒದರ್ಲಾಕತ್ತದ."

ನನ್ನ ಅಂಗಡಿ ಕಲಬುರಗಿಯಲ್ಲಿ. ಹೊಟ್ಟೆ ತುಂಬಿಸುವ ಕೆಲಸ ಪಂಪ್‌ಸೆಟ್, ಟ್ರ್ಯಾಕ್ಟರ್ ರೇಡಿಯೇಟರ್. ಬೋಟ್ ಎಂಜಿನ್ ವರ್ಷಕ್ಕೆ ಆರೋ ಏಳೋ ಬರುತ್ತವೆ, ಅಷ್ಟೇ. ಭಾಲ್ಕಿ ಕಡೆಯ ಮೀನು ಗುತ್ತಿಗೆದಾರರದ್ದು ಒಂದೆರಡು, ಭೀಮಾ ದಂಡೆಯದ್ದು ಒಂದೆರಡು. ಆದರೆ ಅವು ಕೆಡುವ ರೀತಿ ಮಾತ್ರ ಹೆಚ್ಚು ಕಡಿಮೆ ಒಂದೇ. ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ನೀರು ಇಳಿದ ಮೇಲೆ ಎಂಜಿನ್ ಬಿಚ್ಚಿ ತಗಡಿನ ಶೆಡ್‌ನಲ್ಲಿ ಇಡುತ್ತಾರೆ. ಮೇ ತಿಂಗಳಲ್ಲಿ ಹೊರಗೇ 43 ಡಿಗ್ರಿ ಇದ್ದರೆ ತಗಡಿನ ಕೆಳಗೆ ಎಷ್ಟಿರುತ್ತೆ ಅಂತ ನೀವೇ ಲೆಕ್ಕ ಹಾಕಿ. ಮಳೆ ಬಂದ ಮೇಲೆ ಹೊರಗೆ ತಂದು ಹಗ್ಗ ಎಳೆಯುತ್ತಾರೆ. ಐದು ನಿಮಿಷಕ್ಕೆ ಬೀಪ್.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಔಟ್‌ಬೋರ್ಡ್ ಬಗ್ಗೆ, ಅಂದರೆ ಬೋಟಿನ ಹಿಂದೆ ನೇತು ಹಾಕುವ ಎಂಜಿನ್. ಎಂಜಿನ್ ಬೋಟಿನೊಳಗಿದ್ದು ಕಾಲು, ಅಂದರೆ ಪ್ರೊಪೆಲರ್ ಇರುವ ಕೆಳಭಾಗ, ಮಾತ್ರ ಹೊರಗಿರುವ ಔಟ್‌ಡ್ರೈವ್ ಮಾದರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಬೇರೆ ಇರುವ ಕಡೆ ಹೇಳುತ್ತೇನೆ.

ಬೀಪ್ ಬಂದ ಕೂಡಲೇ

ಹಿಂದಕ್ಕೆ ತಿರುಗಿ ನೋಡಿ. ಎಂಜಿನ್ ಪಕ್ಕದಿಂದ ಸಣ್ಣ ನೀರಿನ ಧಾರೆ ಹಾರುತ್ತಿರಬೇಕು. ಇಂಗ್ಲಿಷ್ ಕೈಪಿಡಿಯಲ್ಲಿ ಅದಕ್ಕೆ ಟೆಲ್‌ಟೇಲ್ ಅಂತಾರೆ. ನಮ್ಮ ಅಂಗಡಿ ಹುಡುಗರು ಕರೆಯುವ ಹೆಸರನ್ನು ಇಲ್ಲಿ ಬರೆಯಲಾಗದು, ಆದರೆ ನೀವು ಊಹಿಸಿದ್ದು ಸರಿ.

ಧಾರೆ ಇಲ್ಲ ಅಂದರೆ ಎಂಜಿನ್ ಬಂದ್ ಮಾಡಿ. "ನಿಧಾನಕ್ಕೆ ದಡ ಮುಟ್ಟಿಸ್ತೀನಿ" ಅನ್ನುವ ಆಸೆ ಬೇಡ, ಹುಟ್ಟು ಹಾಕಿ. ನೀರಿಲ್ಲದೆ ತಿರುಗಿದ ಪಂಪಿನ ರಬ್ಬರ್ ಒಂದು ನಿಮಿಷದೊಳಗೇ ಸುಟ್ಟುಹೋಗಬಹುದು. ಬಿಸಿಯಾದ ಎಂಜಿನ್ ಮೇಲೆ ಬಕೆಟ್‌ನಿಂದ ತಣ್ಣೀರು ಸುರಿಯುವುದೂ ಬೇಡ. ಸಿಲಿಂಡರ್ ಮುಚ್ಚುವ ಹೆಡ್ಡು ಅಲ್ಯೂಮಿನಿಯಂನದ್ದು, ಡೊಂಕಾದೀತು.

ಧಾರೆ ಚೆನ್ನಾಗಿಯೇ ಬರುತ್ತಿದೆ, ಆದರೂ ಬೀಪ್ ಅಂದರೆ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡ ಕಡಿಮೆಯಾದರೂ ಅದೇ ಬಜ್ಜರ್ ಕೂಗುತ್ತದೆ. ಯಾವ ದೀಪ ಹತ್ತಿದೆ ಅಂತ ನೋಡಿದರೆ ಗೊತ್ತಾಗುತ್ತೆ, ಆದರೆ ಬಿಸಿಲಿಗೆ ಮಾಸಿದ ದೀಪ ಯಾರಿಗೆ ಕಾಣುತ್ತೆ? ಆಯಿಲ್ ಸರಿ ಇದ್ದರೆ ಮಾತ್ರ ನೀರಿನ ದಾರಿ ಹಿಡಿಯಿರಿ.

ಇನ್ನೊಂದು ಮಾತು. ಆ ಧಾರೆ ಸಾಮಾನ್ಯವಾಗಿ ಪಂಪು ನೀರು ಎತ್ತುತ್ತಿದೆ ಅನ್ನುವುದಕ್ಕೆ ಸಾಕ್ಷಿ. ನೀರು ಎಂಜಿನ್ನಿನ ಎಲ್ಲ ಮೂಲೆಗೂ ಹೋಗುತ್ತಿದೆ ಅನ್ನುವುದಕ್ಕಲ್ಲ. ಔಟ್‌ಡ್ರೈವ್ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಈ ಧಾರೆಯೇ ಇರುವುದಿಲ್ಲ. ಅಲ್ಲಿ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳೇ ಗತಿ.

ಪರೀಕ್ಷೆಗೆ ಬ್ಯಾರಲ್ ಬೇಕು

ದಡದಲ್ಲಿ ಪರೀಕ್ಷೆ ಮಾಡಲು 200 ಲೀಟರ್ ಬ್ಯಾರಲ್ ಸಾಕು. ಮೇಲ್ಭಾಗ ಕತ್ತರಿಸಿ, ಎಂಜಿನ್ ಕಾಲು ಅದರೊಳಗೆ ಇಳಿಯುವ ಹಾಗೆ ಗಟ್ಟಿ ಮರದ ಸ್ಟ್ಯಾಂಡ್ ಮಾಡಿ. ಪ್ರೊಪೆಲರ್ ಮೇಲೆ ಅಡ್ಡಕ್ಕೆ ಒಂದು ಅಗಲ ರೆಕ್ಕೆ ಇರುತ್ತೆ ನೋಡಿ, ನೀರು ಅದಕ್ಕಿಂತ ಒಂದು ಗೇಣು ಮೇಲಿರಲಿ. ಪ್ರೊಪೆಲರ್ ಬಿಚ್ಚಿಟ್ಟರೆ ಒಳ್ಳೆಯದು. ಗೇರ್ ಮಾತ್ರ ಹಾಕಲೇಬೇಡಿ, ನ್ಯೂಟ್ರಲ್‌ನಲ್ಲೇ ಓಡಿಸಿ. ಶೆಡ್ ಒಳಗೆ ಬೇಡ, ಬಯಲಿನಲ್ಲಿ ಮಾಡಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಹೊಗೆ ಜೀವ ತೆಗೆಯುತ್ತದೆ.

ಮೊದಲ ಅನುಮಾನ ಆ ಸಣ್ಣ ತೂತಿನ ಮೇಲೆ

ನನ್ನ ಮೊದಲ ಬೋಟ್ ಎಂಜಿನ್ ಕಥೆ ಹೇಳಿಬಿಡುತ್ತೇನೆ. 40 ಎಚ್‌ಪಿ ಫೋರ್ ಸ್ಟ್ರೋಕ್. ಧಾರೆ ಇಲ್ಲ. ಟ್ರ್ಯಾಕ್ಟರ್ ಬುದ್ಧಿಯಲ್ಲಿ ಸೀದಾ ಥರ್ಮೋಸ್ಟಾಟ್‌ಗೆ, ಅಂದರೆ ಬಿಸಿಯಾದಾಗ ಬಾಯಿ ತೆರೆದು ನೀರು ಬಿಡುವ ವಾಲ್ವ್‌ಗೆ, ಕೈ ಹಾಕಿದೆ. ತುಕ್ಕು ಹಿಡಿದ ಒಂದು ಬೋಲ್ಟ್ ಮುರಿದುಕೊಂಡಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ. ಥರ್ಮೋಸ್ಟಾಟ್ ಚೆನ್ನಾಗೇ ಇತ್ತು. ಕೊನೆಗೆ ಅಲ್ಲೇ ಕುಂತು ನೋಡುತ್ತಿದ್ದ ಒಬ್ಬ ಮುದುಕ ಮೀನುಗಾರ, "ತಮ್ಮಾ, ಆ ತೂತಿನ್ಯಾಗ ಹುಳ ಮನಿ ಕಟ್ಯಾದ ನೋಡು" ಅಂದರು. ಸೈಕಲ್ ಬ್ರೇಕ್ ವೈರಿನ ಒಂದು ಎಳೆ ಬಿಡಿಸಿ ಚುಚ್ಚಿದೆ. ಬೆರಳುದ್ದದ ಒಣ ಮಣ್ಣು ಪುಡಿಯಾಗಿ ಬಿತ್ತು, ಅದರ ಜೊತೆ ಒಣಗಿದ ಒಂದು ಹಸಿರು ಹುಳ. ಕುಂಬಾರ ಹುಳ, ಅದೇ ಮಣ್ಣಿನ ಗೂಡು ಕಟ್ಟುವ ಕಣಜ, ತನ್ನ ಮರಿಗೆ ಊಟ ಇಟ್ಟು ಬಾಗಿಲು ಮುಚ್ಚಿಕೊಂಡು ಹೋಗಿತ್ತು. ಆ ಬೋಲ್ಟಿನ ದುಡ್ಡು ನಾನು ಕೇಳಲಿಲ್ಲ.

ಅಂದಿನಿಂದ ನನ್ನ ಕ್ರಮ ಇದು. ಧಾರೆ ಇಲ್ಲದಿದ್ದರೆ ಮೊದಲು ಹೊರಗಿನಿಂದ ತೆಳು ವೈರ್ ಚುಚ್ಚುವುದು. ಆಮೇಲೆ ಮುಚ್ಚಳ ತೆಗೆದು, ಆ ತೂತಿಗೆ ಬರುವ ಸಣ್ಣ ರಬ್ಬರ್ ಪೈಪನ್ನು ಒಳಗಡೆಯಿಂದ ಕಳಚುವುದು. ಈಗ ಎಂಜಿನ್ ಚಾಲೂ ಮಾಡಿದಾಗ ಪೈಪಿನಿಂದ ನೀರು ಚಿಮ್ಮಿದರೆ ಪಂಪು ಸರಿ ಇದೆ, ತೂತಷ್ಟೇ ಕಟ್ಟಿದೆ. ಅಲ್ಲೂ ನೀರಿಲ್ಲ ಅಂದರೆ ತೊಂದರೆ ಕೆಳಗಿದೆ. ಅರ್ಧ ನಿಮಿಷದಲ್ಲಿ ತಿಳಿಯುತ್ತೆ, ಅದಕ್ಕಿಂತ ಜಾಸ್ತಿ ಓಡಿಸಬೇಡಿ.

ಕೆಳಗಿನ ಜಾಲರಿಯನ್ನೂ ಈಗಲೇ ನೋಡಿಬಿಡಿ. ಎಂಜಿನ್ ನೀರು ಕುಡಿಯುವ ಬಾಯಿ ಅದು. ಹೊಸ ನೀರಿನ ಜೊತೆ ಬಂದ ಪ್ಲಾಸ್ಟಿಕ್ ಚೀಲ, ಜೊಂಡು, ಕೆಸರು ಅಂಟಿಕೊಂಡಿರುತ್ತೆ. ನಿಧಾನಕ್ಕೆ ಹೋದಾಗ ಸರಿ ಇದ್ದು, ಜೋರು ಕೊಟ್ಟಾಗ ಮಾತ್ರ ಬಿಸಿಯಾಗುತ್ತೆ ಅಂದರೆ ನೀರು ಬರುತ್ತಿದೆ, ಆದರೆ ಸಾಲುತ್ತಿಲ್ಲ. ಆಗ ಜಾಲರಿ, ಪಂಪಿನೊಳಗಿನ ರಬ್ಬರ್ ಚಕ್ರ ಅಂದರೆ ಇಂಪೆಲ್ಲರ್, ಎರಡರ ಮೇಲೂ ಕಣ್ಣಿರಲಿ.

ಇಂಪೆಲ್ಲರ್: ಎಸಳು ಎಣಿಸದೆ ಮುಚ್ಚಬೇಡಿ

ನಮ್ಮ ಕಡೆ ಹತ್ತರಲ್ಲಿ ಆರೇಳು ಸಲ ಸಿಗುವ ಕಳ್ಳ ಇದೇ. ಸ್ಟೀಲ್ ಬಟ್ಟಲಿನೊಳಗೆ ತಿರುಗುವ ರಬ್ಬರ್ ಚಕ್ರ. ಚಕ್ರ ಬಟ್ಟಲಿನ ನಟ್ಟನಡುವೆ ಇರದೆ ಕೊಂಚ ಪಕ್ಕಕ್ಕೆ ಕೂತಿರುವುದರಿಂದ ಎಸಳುಗಳು ಒಂದು ಬದಿಯಲ್ಲಿ ಮಡಚಿ, ಇನ್ನೊಂದು ಬದಿಯಲ್ಲಿ ಬಿಚ್ಚಿಕೊಂಡು ನೀರನ್ನು ಮೇಲಕ್ಕೆ ತಳ್ಳುತ್ತವೆ. ಎಂಜಿನ್ ನಿಂತಾಗ ಮಡಚಿದ ಎಸಳು ಮಡಚಿಕೊಂಡೇ ಇರುತ್ತೆ. ನಾಲ್ಕು ತಿಂಗಳು, ಒಣ ಬಿಸಿ, ತಗಡಿನ ಶೆಡ್. ರಬ್ಬರ್ ಹಾಗೆಯೇ ಗಟ್ಟಿಯಾಗಿಬಿಡುತ್ತದೆ. ತೆಗೆದು ಕೈಯಲ್ಲಿ ಹಿಡಿದರೆ ಅರ್ಧ ಎಸಳುಗಳು ನೆಟ್ಟಗೆ, ಅರ್ಧ ಬಗ್ಗಿದ ಬೆನ್ನಿನ ಹಾಗೆ. ಉಗುರಿನಿಂದ ಎಸಳಿನ ಬುಡ ಬಗ್ಗಿಸಿ ನೋಡಿ, ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅಂಥದ್ದನ್ನು ತಿರುಗಿಸಿ ಹಾಕುವ ಜಿಪುಣತನ ಬೇಡ, ಹೊಸದು ಹಾಕಿ.

ಬಿಚ್ಚುವ ಮೊದಲು ಗೇರ್ ಯಾವ ಸ್ಥಾನದಲ್ಲಿದೆ ಅಂತ ಬರೆದಿಟ್ಟುಕೊಳ್ಳಿ, ಇಲ್ಲವೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಗೇರ್ ರಾಡ್ ಕಳಚಿ, ಬೋಲ್ಟ್ ತೆಗೆದರೆ ಕೆಳಗಿನ ಕಾಲು ಪೂರ್ತಿ ಕೈಗೆ ಬರುತ್ತದೆ. ಒಬ್ಬರು ಹಿಡಿದುಕೊಂಡಿರಬೇಕು. ಇಂಪೆಲ್ಲರ್ ಮತ್ತು ಶಾಫ್ಟ್ ನಡುವೆ ಎರಡನ್ನೂ ಒಟ್ಟಿಗೆ ತಿರುಗಿಸುವ ಸಣ್ಣ ಲೋಹದ ಚಾವಿಯೊಂದು ಇರುತ್ತದೆ, ಅದು ಹುಲ್ಲಿಗೆ ಬಿದ್ದರೆ ಸಂಜೆ ತನಕ ಹುಡುಕಾಟವೇ. ಕೆಳಗೆ ಹಳೆ ಪಂಚೆ ಹಾಸಿ. ಹಾಕುವಾಗ ಚಾವಿಗೆ ಚೂರು ಗ್ರೀಸ್ ಹಚ್ಚಿದರೆ ಶಾಫ್ಟಿಗೆ ಅಂಟಿಕೊಂಡು ನಿಲ್ಲುತ್ತದೆ.

ಈಗ ಮುಖ್ಯ ಮಾತು. ಹಳೇ ಇಂಪೆಲ್ಲರಿನ ಎಸಳು ಎಣಿಸಿ. ಹೊಸದರಲ್ಲಿ ಎಷ್ಟಿವೆಯೋ ಅಷ್ಟೇ ಇರಬೇಕು. ಒಂದು ಕಡಿಮೆ ಇದ್ದರೆ ಆ ತುಂಡು ಎಲ್ಲಿ ಹೋಯಿತು? ನೀರಿನ ಜೊತೆ ಮೇಲಕ್ಕೆ ಹೋಗಿದೆ. ಭೀಮಾ ದಂಡೆಯ ಒಂದು ಎಂಜಿನ್‌ಗೆ ನಾನು ಎಣಿಸದೆ ಹೊಸದು ಹಾಕಿ ಕಳಿಸಿದ್ದೆ. ಧಾರೆ ಚೆನ್ನಾಗಿ ಬಂತು, ಅವರು ಖುಷಿಯಿಂದ ಹೋದರು. ಹದಿನೈದು ದಿನಕ್ಕೆ ವಾಪಸ್. ಥರ್ಮೋಸ್ಟಾಟ್ ಮನೆ ಬಿಚ್ಚಿದರೆ ಕಲ್ಲಂಗಡಿ ಬೀಜದಷ್ಟು ಕರಿ ರಬ್ಬರ್ ತುಂಡು ಅಡ್ಡ ಕೂತಿತ್ತು. ಓಡಿದಷ್ಟು ಹೊತ್ತು ಸ್ವಲ್ಪ ಸ್ವಲ್ಪವೇ ಜರುಗಿ ಅಲ್ಲಿಗೆ ತಲುಪಿತ್ತು. ಈಗ ನಮ್ಮ ಅಂಗಡಿಯಲ್ಲಿ ಹಳೇ ಎಸಳುಗಳನ್ನು ನೆಲದ ಮೇಲೆ ಜೋಡಿಸಿ, ಲೆಕ್ಕ ಹೊಂದಿದ ಮೇಲೆಯೇ ಕಾಲು ಮೇಲೇರುವುದು.

ಬಟ್ಟಲೊಳಗೆ ಕೆಸರಿನಿಂದಾದ ಗೀರು ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ಬಟ್ಟಲೂ ಬದಲಿಸಿ. ಕೂರಿಸುವಾಗ ರಬ್ಬರಿಗೆ ಸಾಬೂನು ನೀರು ಹಚ್ಚಿ, ಶಾಫ್ಟನ್ನು ಅದು ಓಡುವ ದಿಕ್ಕಿಗೆ ತಿರುಗಿಸುತ್ತಾ ಬಟ್ಟಲು ಇಳಿಸಿ. ಮೇಲಿನಿಂದ ನೋಡಿದರೆ ಸಾಮಾನ್ಯವಾಗಿ ಅದು ಗಡಿಯಾರದ ದಿಕ್ಕು. ಎಸಳುಗಳೆಲ್ಲ ಒಂದೇ ಕಡೆ ಮಲಗಬೇಕು.

ಥರ್ಮೋಸ್ಟಾಟ್ ಮತ್ತು ಸುಣ್ಣ

ಪಂಪು ಸರಿ, ಧಾರೆ ಸರಿ, ಆದರೂ ಬಿಸಿ ಅಂದರೆ ಈಗ ಥರ್ಮೋಸ್ಟಾಟ್ ಸರದಿ. ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ನನ್ನ ಹಾಗೆ ಮುರಿದುಕೊಳ್ಳಬೇಡಿ. ಹೊರತೆಗೆದ ಥರ್ಮೋಸ್ಟಾಟನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ನೀರು ಕಾಯಿಸುತ್ತಾ ಹೋದಾಗ ಅದರ ಮೇಲೆ ಕೊರೆದಿರುವ ಅಂಕಿಯ ಹತ್ತಿರ ಬಾಯಿ ತೆರೆಯಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಚಹಾದ ಪಾತ್ರೆ ಬಳಸಿದರೆ ಮನೆಯಲ್ಲಿ ಹೇಳಬೇಡಿ.

ಥರ್ಮೋಸ್ಟಾಟ್ ಕಿತ್ತೆಸೆದು ಹಾಗೇ ಓಡಿಸುವವರು ನಮ್ಮಲ್ಲಿ ಬಹಳ. "ಇಲ್ಲಿ ಬಿಸಿಲೇ ಇಷ್ಟದ, ಅದು ಯಾಕ್ ಬೇಕ್ರಿ" ಅಂತಾರೆ. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್‌ಗೆ ಇಳಿದು ಅದನ್ನು ತೆಳು ಮಾಡುತ್ತದೆ. ಬೇಡ.

ಬಿಚ್ಚಿದಾಗ ಒಳಗೆ ಬಿಳಿ ಪದರ ಕಂಡರೆ ಅದು ಸುಣ್ಣ. ಕೆರೆ ನೀರಿಗಿಂತ ನಮ್ಮ ಬೋರ್‌ವೆಲ್ ನೀರೇ ಇದಕ್ಕೆ ಹೆಚ್ಚು ಕಾರಣ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ನೆಲದಡಿ ಇರುವುದೇ ಸುಣ್ಣದ ಕಲ್ಲು. ಮನೆ ಮನೆಗೆ ಹಾಸುವ ಶಹಾಬಾದ್ ಕಲ್ಲೂ ಅದೇ, ಅಲ್ಲಿನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಅದನ್ನೇ. ಸೀಸನ್ ಮುಗಿದ ಮೇಲೆ ಬೋರ್ ನೀರಿನಲ್ಲಿ ತೊಳೆದು, ಒಳಗೆ ನೀರು ನಿಲ್ಲಿಸಿ, ಬಿಸಿಲಿಗೆ ಇಟ್ಟರೆ ನೀರು ಆರಿಹೋಗುತ್ತೆ, ಸುಣ್ಣ ಉಳಿಯುತ್ತೆ. ಹಂಡೆಯ ಒಳಮೈ ನೋಡಿದ್ದೀರಲ್ಲ, ಹಾಗೆ.

ತೆಳು ಪದರಕ್ಕೆ ಬಿಳಿ ವಿನೆಗರ್ ಸಾಕು. ಬಿಚ್ಚಿದ ಭಾಗಗಳನ್ನು ಒಂದು ರಾತ್ರಿ ನೆನೆಸಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ. ಸುಣ್ಣದ ಜೊತೆ ಅಲ್ಯೂಮಿನಿಯಂ ಕೂಡ ಹೋಗುತ್ತದೆ.

ಲೇಸರ್ ಥರ್ಮಾಮೀಟರ್ ಇದ್ದರೆ ಓಡುತ್ತಿರುವಾಗ ಹೆಡ್ಡಿನ ಮೇಲೆ ಅಲ್ಲಲ್ಲಿ ಹಿಡಿದು ನೋಡಿ. ಒಂದು ಸಿಲಿಂಡರ್ ಪಕ್ಕ ಮಾತ್ರ ತುಂಬ ಬಿಸಿ ಅಂದರೆ ಅಲ್ಲೇ ದಾರಿ ಕಟ್ಟಿದೆ. ಎಲ್ಲ ಕಡೆ ಸಾಧಾರಣ, ಆದರೂ ಬೀಪ್ ಅಂದರೆ ಸೆನ್ಸರ್ ಮೇಲೆ ಅನುಮಾನ ಪಡಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಯಂತ್ರ ಇದಕ್ಕೆ ಬರುವುದಿಲ್ಲ. ಒಬ್ಬರು ಅದನ್ನೇ ತಂದಿದ್ದರು, ಎಂಜಿನ್‌ಗೆ ಜ್ವರ ಇದೆ ಅಂತಷ್ಟೇ ಹೇಳಿತು.

ಇಷ್ಟೆಲ್ಲ ಸರಿ ಇದ್ದೂ ಬಿಸಿಯಾದರೆ, ಅಥವಾ ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅದು ದಡದಲ್ಲಿ ಕೂತು ಮಾಡುವ ಕೆಲಸವಲ್ಲ.

ಕಾಲಿನ ಆಯಿಲ್ ಚಹಾದಂತಿದ್ದರೆ

ಬಿಸಿಯ ದೂರು ಬಂದಾಗಲೂ ನಾನು ಗೇರ್ ಆಯಿಲ್ ನೋಡದೆ ಕಳಿಸುವುದಿಲ್ಲ. ಎಂಜಿನ್ ರಾತ್ರಿಯಿಡೀ ನೆಟ್ಟಗೆ ನಿಂತಿರಲಿ. ಬೆಳಿಗ್ಗೆ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿ. ಮೊದಲು ನೀರಿನ ಹನಿ ಬಂದರೆ, ಅಥವಾ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ.

ಕಾರಂಜಾದ ಬೋಟ್‌ಗಳಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪ್ರೊಪೆಲರ್ ಬಿಚ್ಚಿ. ಶಾಫ್ಟಿನ ಬುಡದಲ್ಲಿ ಮೀನು ಬಲೆಯ ನೈಲಾನ್ ದಾರ ಸುತ್ತಿಕೊಂಡಿರುತ್ತದೆ, ಎಷ್ಟು ಬಿಗಿಯಾಗಿ ಅಂದರೆ ಬ್ಲೇಡ್ ಹಾಕಿ ಕೊಯ್ಯಬೇಕು. ತಿರುಗಿ ತಿರುಗಿ ಅದು ಆಯಿಲ್ ಸೀಲಿನ ತುಟಿಯನ್ನೇ ಕತ್ತರಿಸಿರುತ್ತದೆ. ಸೀಲ್ ಬದಲಿಸಿ. ತುಂಬುವಾಗ ಆಯಿಲನ್ನು ಕೆಳಗಿನ ತೂತಿನಿಂದ ಮೇಲಕ್ಕೆ ಒತ್ತಿ ತುಂಬಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಉಳಿಯುತ್ತೆ. ಸ್ಕ್ರೂಗಳ ವಾಷರ್ ಪ್ರತಿ ಸಲ ಹೊಸದು.

ಔಟ್‌ಡ್ರೈವ್ ಇದ್ದವರು ಕಾಲು ಮತ್ತು ಬೋಟಿನ ನಡುವಿನ ಸುಕ್ಕು ಸುಕ್ಕು ರಬ್ಬರ್ ಕೊಳವೆ, ಬೆಲ್ಲೋಸ್, ಅದನ್ನೂ ಬೆರಳಿನಿಂದ ಬಿಡಿಸಿ ನೋಡಿ. ನಮ್ಮ ಬಿಸಿಲಿಗೆ ಮಡಿಕೆಯ ಒಳಗಡೆಯೇ ಸೀಳುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅಲ್ಲಿ ಸೀಳಿದರೆ ಬೇರಿಂಗ್ ಹಾಳಾಗುವುದಷ್ಟೇ ಅಲ್ಲ, ಬೋಟಿನೊಳಗೇ ನೀರು ಬರಬಹುದು.

ಗುಲಾಬಿ ನೀರಿನ ಕಥೆ

ಹೋದ ವರ್ಷ ಗುತ್ತಿಗೆದಾರರ ಮಗ ಮೊಬೈಲ್ ಹಿಡಿದು ಬಂದ. ಚಳಿ ದೇಶದ ವಿಡಿಯೋ. ಎಂಜಿನ್‌ಗೆ ಬಕೆಟ್ ಗಟ್ಟಲೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಕುಡಿಸುತ್ತಿದ್ದಾರೆ. "ಕಾಕಾ, ನಾವೂ 20 ಲೀಟರ್ ತರಸಮಾ?" ಅಂದ.

ಅವರ ಕಷ್ಟ ಬೇರೆ. ನೀರು ಗಡ್ಡೆ ಕಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಎಂಜಿನ್ ಒಳಗೆ ನಿಂತ ನೀರು ಹಾಗೆ ಹಿಗ್ಗಿದರೆ ಎರಕದ ಕಬ್ಬಿಣದ ಬ್ಲಾಕೇ ಸೀಳುತ್ತದೆ, ನೀರು ಸೇರಿದ ಗೇರ್ ಪೆಟ್ಟಿಗೆಯೂ ಒಡೆಯುತ್ತದೆ. ಅದಕ್ಕೇ ಅವರು ಇರುವ ನೀರನ್ನು ಬಸಿದು, ಉಳಿದ ಮೂಲೆಗಳಿಗೆ ಆ ಗುಲಾಬಿ ದ್ರವ ತಲುಪಿಸುತ್ತಾರೆ. ಅದು ಪ್ರೊಪಿಲೀನ್ ಗ್ಲೈಕಾಲ್, ವಿಷ ಕಡಿಮೆ. ಬೀದರ್‌ನಲ್ಲಿ ಚಳಿಗಾಲದ ಬೆಳಗಿನ ಜಾವ ಒಂದಂಕಿಗೆ ಇಳಿದು ಹಲ್ಲು ಕಟಕಟ ಅಂದರೂ ಜಲಾಶಯ ಗಡ್ಡೆ ಕಟ್ಟುವುದಿಲ್ಲ. ಕೆರೆ ನೀರನ್ನೇ ಎತ್ತಿ ಹೊರಗೆ ಬಿಡುವ ಔಟ್‌ಬೋರ್ಡಿಗೆ ಇಲ್ಲಿ ಅದು ಸುಮ್ನೆ ದುಡ್ಡು ದಂಡ. ನೀರು ಪೂರ್ತಿ ಬಸಿದರೆ ಸಾಕು.

ಆದರೆ ಬೋಟಿನೊಳಗೆ ಡೀಸೆಲ್ ಎಂಜಿನ್ ಇದ್ದು, ಅದಕ್ಕೆ ಟ್ರ್ಯಾಕ್ಟರಿನಂತೆ ತನ್ನದೇ ಕೂಲೆಂಟ್ ಸುತ್ತುವ ವ್ಯವಸ್ಥೆ ಇದ್ದರೆ ಮಾತು ತಿರುಗುತ್ತದೆ. ಅಲ್ಲಿ ಕೂಲೆಂಟ್ ಬೇಕೇ ಬೇಕು, ಚಳಿಗಲ್ಲ, ಬಿಸಿಗೆ ಮತ್ತು ತುಕ್ಕಿಗೆ. ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿದರೆ ಮೈನಸ್ 37 ಡಿಗ್ರಿವರೆಗೆ ಗಡ್ಡೆ ಕಟ್ಟುವುದಿಲ್ಲ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಇರುತ್ತೆ, ನಮಗೆ ಅದು ಬೇಡ. ಅದೇ ಮಿಶ್ರಣ 15 ಪಿಎಸ್‌ಐ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ ಸುಮಾರು 129 ಡಿಗ್ರಿವರೆಗೆ ಕುದಿಯುವುದಿಲ್ಲ, ನಮಗೆ ಬೇಕಾದ್ದು ಅದು. "ಇಲ್ಲಿ ಹಿಮ ಎಲ್ಲಿ ಬೀಳ್ತದ" ಅಂತ ಕೂಲೆಂಟ್ ಬಸಿದು ಬೋರ್ ನೀರು ತುಂಬಿದ ಎಂಜಿನ್‌ಗಳ ಹೀಟ್ ಎಕ್ಸ್‌ಚೇಂಜರ್, ಅಂದರೆ ಕೂಲೆಂಟಿನ ಬಿಸಿಯನ್ನು ಕೆರೆ ನೀರಿಗೆ ದಾಟಿಸುವ ಭಾಗ, ಬಿಚ್ಚಿದಾಗ ಸಿಗುವುದು ಕೆಂಪು ರಾಡಿ ಮತ್ತು ಸುಣ್ಣ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಬಣ್ಣ ನೋಡಿ ಬೆರೆಸಬೇಡಿ. ಒಂದೇ ಬಣ್ಣದ ಎರಡು ಕಂಪನಿಯ ಕೂಲೆಂಟ್ ಬೇರೆ ಬೇರೆ ಜಾತಿ ಇರಬಹುದು.

ಹಳೇ ಕೂಲೆಂಟನ್ನು ಡಬ್ಬಿಗೆ ಬಸಿದು ಮುಚ್ಚಳ ಹಾಕಿ. ಹೆಚ್ಚಿನವು ಎಥಿಲೀನ್ ಗ್ಲೈಕಾಲ್, ರುಚಿ ಸಿಹಿ, ಪಕ್ಕಾ ವಿಷ. ನಾಯಿ, ದನ ನೆಕ್ಕುತ್ತವೆ. ಜಲಾಶಯದ ದಂಡೆಯಲ್ಲಂತೂ ಚೆಲ್ಲಲೇಬೇಡಿ, ಬೀದರ್ ನಗರ ಕುಡಿಯುವುದು ಕಾರಂಜಾ ನೀರನ್ನೇ.

ಮುಂದಿನ ಬೇಸಿಗೆಗೆ ಮುಂಚೆ

ಎಂಜಿನ್ ಎತ್ತಿಡುವ ದಿನ ಬೋರ್ ನೀರಿನ ಬದಲು ಜಲಾಶಯದ ತಿಳಿನೀರಿನಲ್ಲೇ ಬ್ಯಾರಲ್ ತುಂಬಿಸಿ ಹತ್ತು ನಿಮಿಷ ಓಡಿಸಿ. ಆಮೇಲೆ ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ನೀರು ಒಳಗೇ ಉಳಿಯುತ್ತದೆ. ಗೇರ್ ಆಯಿಲ್ ಆ ದಿನವೇ ಬದಲಿಸಿ. ನೀರು ಬೆರೆತ ಆಯಿಲ್‌ನಲ್ಲಿ ನಾಲ್ಕು ತಿಂಗಳು ಕೂತ ಬೇರಿಂಗ್ ತುಕ್ಕು ಹಿಡಿಯುತ್ತದೆ. ಟ್ಯಾಂಕಿನ ಪೆಟ್ರೋಲ್ ಬೈಕಿಗೆ ಸುರಿದು ಮುಗಿಸಿ, ಟೂ ಸ್ಟ್ರೋಕಿಗೆ ಆಯಿಲ್ ಬೆರೆಸಿದ್ದರೆ ಮಾತ್ರ ಬೇಡ. ಕಾರ್ಬ್ಯುರೇಟರ್ ಬಸಿಯಿರಿ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತೆ, ಅದು ಗಾಳಿಯ ತೇವ ಹೀರಿಕೊಂಡು ಕೂರುತ್ತದೆ. ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಇಂಪೆಲ್ಲರ್ ಬಿಚ್ಚಿ ಮನೆಯೊಳಗೆ ತಣ್ಣಗಿನ ಕಡೆ ಇಟ್ಟರೆ ಇನ್ನೂ ಒಂದು ಸೀಸನ್ ಬಂದರೂ ಬರಬಹುದು. ಅದು ಒಳಗಿಲ್ಲ ಅಂತ ಎಂಜಿನ್ ಮೇಲೆ ಬರೆದಿಡಿ.

ಕೊನೆಗೆ ಆ ಸಣ್ಣ ತೂತಿಗೆ ಕೆಂಪು ಬಟ್ಟೆಯ ಬತ್ತಿ ತುರುಕಿ, ಅದರ ಬಾಲ ಒಂದು ಮೊಳ ಹೊರಗೆ ನೇತಾಡಲಿ. ಕುಂಬಾರ ಹುಳ ಬೇರೆ ಮನೆ ಹುಡುಕಿಕೊಳ್ಳುತ್ತದೆ. ಎಂಜಿನ್ ಚಾವಿಯನ್ನು ಆ ಬಾಲಕ್ಕೇ ಕಟ್ಟಿಬಿಡಿ, ಜುಲೈನಲ್ಲಿ ಬತ್ತಿ ಕೀಳದೆ ಯಾರೂ ಚಾಲೂ ಮಾಡಲಾಗದು.